ಒಂಬತ್ತನೆಯ ನಂಬರು

ಅಪ್ಪ ನನ್ನ ಪಾದದ ಅಳತೆ ತೆಗೆಯುತ್ತಿದ್ದದ್ದು ಅಂಗಡಿಯಲ್ಲಿ ಪೊಟ್ಟಣ ಕಟ್ಟಲು ಇಟ್ಟ ಹಳೆಯ ಮರಾಠಿ ಪತ್ರಿಕೆಯ ಮೇಲೆ. ಗಡಿಯಾಚೆ, ಉಮರ್ಗಾದ ಪೇಟೆಯಲ್ಲಿ ನಮ್ಮದು ಕಿರಾಣಿ ಅಂಗಡಿ; ಮುಂದೆ ಅಂಗಡಿ, ಹಿಂದೆ ಮನೆ. ಬೇಳೆ ತರಲು ಅವನು ತಿಂಗಳಿಗೊಮ್ಮೆ ಉದಗೀರಕ್ಕೆ ಹೋಗುತ್ತಿದ್ದ. ಹೋಗುವ ದಿನ ಬೆಳಿಗ್ಗೆ ಹಾಳೆಯನ್ನು ನೆಲಕ್ಕೆ ಹಾಸಿ, ನನ್ನನ್ನು ಅದರ ಮೇಲೆ ನಿಲ್ಲಿಸಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಹಿಮ್ಮಡಿಯಿಂದ ಬೆರಳುಗಳವರೆಗೆ ಸುತ್ತಲೂ ಗೆರೆ ಎಳೆಯುತ್ತಿದ್ದ. ಪೆನ್ಸಿಲ್ ಪಾದದ ಒಳಬಾಗಿಗೆ ಬಂದಾಗ ಕಚಗುಳಿಯಾಗುತ್ತಿತ್ತು.

"ಅಳ್ಳಾಡಬ್ಯಾಡ," ಎನ್ನುತ್ತಿದ್ದ. "ಗೆರಿ ತಪ್ಪಿದ್ರ ಮತ್ತೊಂದು ತಿಂಗಳು ಬರಿಗಾಲು ನೋಡು."

ಆಮೇಲೆ ಬೆರಳುಗಳ ಮುಂದೆ ತನ್ನ ತೋರುಬೆರಳಿನಷ್ಟು ಅಗಲ ಜಾಗ ಬಿಟ್ಟು ಕತ್ತರಿಸುತ್ತಿದ್ದ. ಬೆಳೆಯುವ ಹುಡುಗಿ, ಇರಲಿ ಎಂದು. ಕತ್ತರಿಸಿದ ಕಾಗದವನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ. ನಮ್ಮಂಥ ಮನೆಗಳಲ್ಲಿ ಹೆಣ್ಣುಮಕ್ಕಳು ಚಪ್ಪಲಿಗಾಗಿ ಬೇರೆ ಊರಿಗೆ ಹೋಗುತ್ತಿರಲಿಲ್ಲ. ಕಾಲು ಮನೆಯಲ್ಲಿರುತ್ತಿತ್ತು, ಕಾಗದ ಪೇಟೆಗೆ ಹೋಗುತ್ತಿತ್ತು.

ಉಮರ್ಗಾದಲ್ಲೇ ಕೊಳ್ಳಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಒಮ್ಮೆ ಅವ್ವನ ಜೊತೆ ಹೋಗಿದ್ದೆ. ಅಂಗಡಿಯವನು ನನ್ನ ಕಾಲು ನೋಡಿದ, ಒಂದು ಡಬ್ಬಿ ಇಳಿಸಿದ, ಮತ್ತೆ ಕಾಲು ನೋಡಿ ಡಬ್ಬಿಯನ್ನು ಮೇಲಕ್ಕೆ ಇಟ್ಟ. "ಬಾಯಕಾಂಚಾ ನಂಬರ್ ಏವಢಾಚ್ ಯೇತೋ," ಎಂದ. ಹೆಂಗಸರ ನಂಬರು ಇಷ್ಟರವರೆಗೇ ಬರುವುದು. ಆಮೇಲೆ, ಸಹಾಯ ಮಾಡುವವನಂತೆ, "ಜೆಂಟ್ಸ್‌ಮಧ್ಯೆ ಬಘಾ ಕೀ," ಎಂದು ಎದುರಿನ ಗೋಡೆಯ ಗಂಡಸರ ಸಾಲು ತೋರಿಸಿದ. ಅವ್ವ ನನ್ನ ಕೈ ಹಿಡಿದು ಹೊರಗೆ ಬಂದಳು.

ಹನ್ನೊಂದನೆಯ ವಯಸ್ಸಿಗೆ ನನ್ನದು ಆರನೆಯ ನಂಬರು. ಹದಿಮೂರಕ್ಕೆ ಎಂಟು. ಹದಿನಾಲ್ಕಕ್ಕೆ ಒಂಬತ್ತಾಗಿ ಅಲ್ಲಿಗೆ ನಿಂತಿತು. ಅಪ್ಪನದೂ ಒಂಬತ್ತು. ಅದೇ ಹೊತ್ತಿಗೆ ನಮ್ಮ ಕಡೆ ಮಳೆ ಹೋಗಿತ್ತು. ಮಾಕಣಿ ಕೆರೆಯ ತಳ ಕಾಣುತ್ತಿತ್ತು. ಕೊನೆಗೆ ಲಾತೂರಿಗೆ ರೈಲಿನಲ್ಲಿ ನೀರು ಬಂತು. ಅಜ್ಜಿಗೆ ನಾವು ಆಯಿ ಎನ್ನುತ್ತೇವೆ. ಆಯಿ ಅಂಗಳದಲ್ಲಿ ಕುಳಿತು, ಬಂದ ಗಿರಾಕಿಗಳಿಗೆಲ್ಲ ಕೇಳುವಂತೆ, "ಹೊಲದಾಗ ಏನೂ ಬೆಳೀವಲ್ದು, ಈಕಿ ಪಾದ ಅಷ್ಟೇ ಬೆಳೀಲತ್ತಾವ," ಎನ್ನುತ್ತಿದ್ದಳು. ಗಿರಾಕಿಗಳು ನಗುತ್ತಿದ್ದರು. ನಾನು ಲಂಗ ಇಳಿಬಿಟ್ಟು ಒಳಗೆ ಹೋಗುತ್ತಿದ್ದೆ.

ಉದಗೀರದಿಂದ ಅಪ್ಪ ತಂದದ್ದು ಗಂಡಸರ ಕಂದು ಬಣ್ಣದ ಚಪ್ಪಲಿ, ಅಗಲ ಪಟ್ಟಿಯದು. ತನಗೂ ಅಂಥದ್ದೇ. ಬಾಗಿಲಲ್ಲಿ ಎರಡು ಜೋಡಿ ಒಂದೇ ಅಳತೆಯವು ಇರುತ್ತಿದ್ದವು. ಅಪ್ಪ ಊರಲ್ಲಿ ಇಲ್ಲದಾಗಲೂ ಜನ ನನ್ನ ಚಪ್ಪಲಿ ನೋಡಿ, "ಸೇಠಜೀ ಇದ್ದಾರಲ್ಲ, ಕರೀರಿ," ಎಂದು ಕುಳಿತುಬಿಡುತ್ತಿದ್ದರು. ಅವ್ವ ನನ್ನ ಜೋಡಿಯನ್ನು ಹಿತ್ತಲ ಬಾಗಿಲಿಗೆ ಸಾಗಿಸಿದಳು. ನನಗೆ ಬೇಕಾಗಿದ್ದದ್ದು ಹೆಚ್ಚಿನದೇನಲ್ಲ. ಮುಂಬಾಗಿಲಲ್ಲಿ ಬಿಟ್ಟು, ಇವು ನನ್ನವು ಎಂದು ಹೇಳಬಹುದಾದ ಒಂದು ಜೋಡಿ ಚಪ್ಪಲಿ ಬೇಕಾಗಿತ್ತು.

ಮಹಾಲಕ್ಷ್ಮಿ ಹಬ್ಬದಲ್ಲಿ ದೇವಿಯ ಮುಖವನ್ನು ಹೊಸ್ತಿಲಿನಿಂದ ಒಳಗೆ ತರುವುದು ಮನೆಯ ಹುಡುಗಿಯ ಕೆಲಸ. ಅಕ್ಕಿಹಿಟ್ಟಿನ ನೀರಿನಲ್ಲಿ ಮುಷ್ಟಿಯ ಬದಿಯನ್ನು ಅದ್ದಿ ನೆಲಕ್ಕೆ ಒತ್ತಿ, ಮೇಲೆ ಐದು ಬೆರಳ ಚುಕ್ಕೆ ಇಟ್ಟರೆ ಲಕ್ಷ್ಮಿಯ ಪಾದ. ಹೊಸ್ತಿಲಿನಿಂದ ದೇವರ ಕೋಣೆಯವರೆಗೆ ಆ ಪಾದಗಳ ಮೇಲೆ ಹೆಜ್ಜೆ ಇಟ್ಟು ಬರಬೇಕು. ಒಳಗಿನಿಂದ ಆಯಿ ಕೇಳುತ್ತಿದ್ದಳು, "ಯಾರ ಬಂದಾರ?" "ಲಕ್ಷ್ಮಿ ಬಂದಾಳ." "ಹ್ಯಾಂಗ ಬಂದಾಳ?" "ಬಂಗಾರದ ಪಾದಲೆ ಬಂದಾಳ." ಹದಿಮೂರನೆಯ ವರ್ಷ ನಾನು ಒಳಗೆ ಬಂದು ತಿರುಗಿ ನೋಡಿದರೆ ಹಿಂದೆ ಒಂದು ಪಾದವೂ ಉಳಿದಿರಲಿಲ್ಲ. ಎಲ್ಲ ನನ್ನ ಅಂಗಾಲಿಗೆ ಹತ್ತಿ ಅಳಿಸಿಹೋಗಿದ್ದವು. ಆಯಿ ಬೈಯಲಿಲ್ಲ. ಮರುವರ್ಷ ದೇವಿಯನ್ನು ಕಾಕಾನ ಮಗಳು ತಂದಳು. ಅವಳಿಗೆ ಎಂಟು ವರ್ಷ.

ನೀರಿನ ಪಾಳಿಯ ವಿಷಯವನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ನಮ್ಮ ಗಲ್ಲಿಗೆ ನಾಲ್ಕು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತಿತ್ತು. ಎಷ್ಟು ಗಂಟೆಗೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಬೆಳಿಗ್ಗೆಯೇ ಪಾಳಿ ಹಚ್ಚಬೇಕು. ಕೊಡ ಇಟ್ಟು ಹೋದರೆ ಕೊಡವೇ ಕಳುವಾಗುತ್ತಿತ್ತು. ಹಾಗಾಗಿ ಪ್ರತಿಯೊಬ್ಬಳೂ ತನ್ನ ಜಾಗದಲ್ಲಿ ಒಂದು ಚಪ್ಪಲಿ ಬಿಟ್ಟು ಮನೆಗೆಲಸಕ್ಕೆ ಹೋಗುತ್ತಿದ್ದಳು. ಗಲ್ಲಿಯ ಉದ್ದಕ್ಕೂ ಹೆಂಗಸರ ಒಂಟಿ ಚಪ್ಪಲಿಗಳು ಟ್ಯಾಂಕರಿಗಾಗಿ ಕಾಯುತ್ತಿದ್ದವು. ಒಂದು ಕಾಲು ಬರಿದಾಗಿ ಕುಂಟುತ್ತ ನಡೆಯುವ ಹೆಂಗಸನ್ನು ಕಂಡರೆ ಅವಳದು ಪಾಳಿಯಲ್ಲಿದೆ ಎಂದು ತಿಳಿಯಬೇಕು.

ಆ ದಿನ ಅವ್ವನಿಗೆ ಜ್ವರ. ನಾನೇ ಹೋಗಿ ಏಳನೆಯ ಜಾಗದಲ್ಲಿ ನನ್ನ ಎಡಗಾಲಿನದನ್ನು ಬಿಟ್ಟು ಬಂದೆ. ಮಧ್ಯಾಹ್ನ ಟ್ಯಾಂಕರಿನ ಹಾರ್ನ್ ಕೇಳಿ ಎರಡು ಕೊಡ ಹಿಡಿದು ಓಡಿದೆ. ಹೆಂಗಸರು ತಮ್ಮ ತಮ್ಮ ಚಪ್ಪಲಿಯ ಹತ್ತಿರ ನಿಲ್ಲುತ್ತಿದ್ದರು. ನನ್ನ ಜಾಗಕ್ಕೆ ಬರುವಷ್ಟರಲ್ಲಿ ಹಿಂದಿನವಳು ಅದನ್ನು ನೋಡಿಬಿಟ್ಟಿದ್ದಳು.

"ಇದ್ಯಾರ್ದೋ ಗಂಡಸಂದು?" ಎಂದು ಕೂಗಿದಳು. "ಗಂಡಸ್ರು ಯಾವಾಗಿಂದ ನೀರಿನ ಪಾಳಿ ಹಚ್ಚಲತ್ತಾರ?"

"ನಿನ್ನ ಗಂಡಂದೇ ಇರಬೇಕು ನೋಡು, ನಿನ್ನ ಬಿಟ್ಟಿರಲಾರದೆ ಬಂದಾನ," ಎಂದಳು ಇನ್ನೊಬ್ಬಳು.

"ನನ್ನ ಗಂಡ? ಕೊಡ ಕಂಡ್ರ ಅಂವಾ ಊರು ಬಿಟ್ಟು ಓಡ್ತಾನ."

ಎಲ್ಲರೂ ನಕ್ಕರು. ನನಗೂ ಆ ಮಾತಿಗೆ ನಗು ಬರುವಂತಿತ್ತು. "ಅದು ನಂದು ರೀ" ಎಂಬ ಮಾತು ಬಾಯಿಯಲ್ಲಿ ಸಿದ್ಧವಿತ್ತು. ಬಲಗಾಲಿನ ಚಪ್ಪಲಿ ಲಂಗದ ಕೆಳಗೆ ಇನ್ನೂ ನನ್ನ ಕಾಲಲ್ಲೇ ಇತ್ತು. ಅವಳು ಪಾಳಿಯ ಚಪ್ಪಲಿಯನ್ನು ಕಾಲಿನಿಂದ ತಳ್ಳಿ ಗಟಾರಕ್ಕೆ ಕೆಡವಿದಳು. ನಾನು ಬಲಗಾಲಿನದನ್ನೂ ಮೆಲ್ಲಗೆ ಕಳಚಿ, ಹಿಮ್ಮಡಿಯಿಂದ ಗೋಡೆಯ ಕಡೆಗೆ ಸರಿಸಿ, ಬರಿಗಾಲಿನಲ್ಲಿ ಪಾಳಿಯ ಕೊನೆಗೆ ಹೋಗಿ ನಿಂತೆ. ನನ್ನ ಮುಂದೆ ಹನ್ನೊಂದು ಜನ ಇದ್ದಾಗ ಪೈಪಿನಿಂದ ಗಾಳಿ ಬರತೊಡಗಿತು.

"ಏಳನೇ ನಂಬರ್ ಇತ್ತಂದಿ?" ಎಂದಳು ಅವ್ವ, ಖಾಲಿ ಕೊಡ ನೋಡಿ.

"ಚಪ್ಪಲ್ ಯಾರೋ ಒಯ್ದ್ರು."

ನಾಲ್ಕು ದಿನ ಆಯಿ ಒಂದು ಚಮಚ ನೀರಿನಲ್ಲಿ ಲಿಂಗಪೂಜೆ ಮಾಡಿದಳು. ಆ ಚಮಚ ನೀರನ್ನೂ ಕಣ್ಣಿಗೆ ಒತ್ತಿಕೊಂಡು ತೀರ್ಥವೆಂದು ಕುಡಿಯುತ್ತಿದ್ದಳು. ನಾನು ನೋಡುತ್ತ ಕೂರುತ್ತಿದ್ದೆ. ಅಪ್ಪ ಮತ್ತೆ ಪತ್ರಿಕೆ ಹಾಸಿ ಅಳತೆ ತೆಗೆದ.

ಕಾಲೇಜಿಗೆ ಉದಗೀರಕ್ಕೆ ಹೋದೆ, ಹಾಸ್ಟೆಲಿನಲ್ಲಿದ್ದು ಎಂ.ಎ. ಮುಗಿಸಿದೆ. ಅಲ್ಲಿ ಹುಡುಗರ ಸ್ಪೋರ್ಟ್ಸ್ ಬೂಟು ಹಾಕಿಕೊಂಡರೆ ಯಾರೂ ಕೇಳುತ್ತಿರಲಿಲ್ಲ. ತರಗತಿಯಲ್ಲಿ ಬೆಂಚಿನ ಮುಂದಿನ ಹಲಗೆ ಕಾಲುಗಳನ್ನು ಮುಚ್ಚುತ್ತಿತ್ತು. ಐದು ವರ್ಷ ಕಾಲಿನ ವಿಚಾರ ಮಾಡದೆ ಕಳೆದೆ ಎಂದರೆ ಸುಳ್ಳಾಗುತ್ತದೆ. ಆದರೆ ನೋವಿಲ್ಲದೆ ನಡೆದೆ.

ಮತ್ತೆ ಮಳೆ ಕೈಕೊಟ್ಟ ವರ್ಷ ನಿಲಂಗಾದಿಂದ ಸಂಬಂಧ ಬಂತು. ಬಟ್ಟೆ ಅಂಗಡಿಯವರು, ನಮ್ಮವರೇ, ಮನೆಯಲ್ಲಿ ಕನ್ನಡ ಆಡುವವರು. ನೋಡಲು ಬಂದ ದಿನ ಅವ್ವ ಸೀರೆಯ ನೆರಿಗೆ ನೆಲಕ್ಕೆ ತಾಗುವಂತೆ ಇಳಿಸಿ ಉಡಿಸಿದಳು. ಹುಡುಗ ಒಂದೆರಡು ಪ್ರಶ್ನೆ ಕೇಳಿದ, ಉತ್ತರ ಕೇಳಿಸಿಕೊಂಡ. ನನಗೆ ಅದು ಸಾಕಾಯಿತು. ನಿಶ್ಚಯವಾಯಿತು.

ನಿಶ್ಚಿತಾರ್ಥಕ್ಕೆ ನಮ್ಮ ಕಡೆ ಸಾಖರಪುಡಾ ಎನ್ನುತ್ತಾರೆ. ಆ ದಿನ ಹುಡುಗಿ ತಲೆಯಿಂದ ಕಾಲಿನವರೆಗೆ ಗಂಡಿನವರು ತಂದದ್ದನ್ನೇ ಹಾಕಿಕೊಳ್ಳಬೇಕು. ಸೀರೆ, ಬಳೆ, ಚಪ್ಪಲಿ. ಹಾಕಿಕೊಂಡು ಅವರ ಹೆಂಗಸರ ಜೊತೆ ಮಠದವರೆಗೆ ನಡೆದು ಕಾಯಿ ಒಡೆಸಿ ಬರಬೇಕು. ಅದಕ್ಕೆ ಎಂಟು ದಿನ ಮುಂಚೆ ಅವರ ಮನೆಯಿಂದ ಫೋನ್ ಬಂತು, ಅಳತೆ ಕೇಳಲು. ಅವ್ವ ರವಿಕೆಯದು ಹೇಳಿದಳು, ಬಳೆಯದು ಹೇಳಿದಳು. ಚಪ್ಪಲಿಯದಕ್ಕೆ ಬಂದಾಗ ನನ್ನ ಕಡೆ ಒಮ್ಮೆ ನೋಡಿ, "ಏಳು ರೀ," ಎಂದಳು.

ಫೋನ್ ಇಟ್ಟ ಮೇಲೆ, "ಯವ್ವಾ, ಒಂಬತ್ತು," ಎಂದೆ.

"ಒಂಬತ್ತು ಅಂದ್ರ ಹೆಂಗಸರ ಅಂಗಡ್ಯಾಗ ಎಲ್ಲಿ ಹುಡುಕ್ಯಾರ? ಗಂಡಸರದು ತರಬೇಕಂದ್ರ ಬೀಗರ ಮುಂದ ಮಾನ ಹೋಗ್ತದ. ಒಂದು ದಿನದ ಮಾತು. ಮಠ ಏನ್ ಮುಂಬೈದಾಗ ಅದ?"

ಅವಳು ಹೇಳಿದ್ದು ತನ್ನ ನಂಬರು. ಹೆಣ್ಣಿನ ಕಾಲು ಎಂದರೆ ಎಷ್ಟಿರಬೇಕು ಎಂದು ಅವಳಿಗೆ ಗೊತ್ತಿದ್ದ ಅಳತೆ ಅದೊಂದೇ.

ಮಠ ನಮ್ಮ ಮನೆಯಿಂದ ಐದು ನಿಮಿಷದ ದಾರಿ. ಕೆಂಪು ಚಪ್ಪಲಿ, ಮೇಲೆ ಸಣ್ಣ ಹರಳು, ಹಿಂದೆ ಪಟ್ಟಿ ಇಲ್ಲ. ಬೆರಳುಗಳನ್ನು ಒಳಗೆ ಸೇರಿಸಿದೆ. ಹಿಮ್ಮಡಿ ಒಂದೂವರೆ ಬೆರಳಿನ ಅಗಲದಷ್ಟು ಹೊರಗೆ ಉಳಿಯಿತು. ಬಿಸಿಲು ನೆತ್ತಿಯ ಮೇಲಿತ್ತು, ಡಾಂಬರು ಮೆತ್ತಗಾಗಿತ್ತು. ಪ್ರತಿ ಹೆಜ್ಜೆಗೂ ಹಿಮ್ಮಡಿ ರಸ್ತೆಗೆ ತಾಗುತ್ತಿತ್ತು. ತುದಿಗಾಲಲ್ಲಿ ನಡೆದರೆ ಹರಳಿನ ಪಟ್ಟಿ ಪಾದದ ಮೇಲಿನ ಚರ್ಮವನ್ನು ಕೊರೆಯುತ್ತಿತ್ತು. ಪಕ್ಕದಲ್ಲಿದ್ದ ನಾದಿನಿ ಹದಿನೇಳರ ಹುಡುಗಿ, ಆ ಮನೆಯಲ್ಲಿ ನನಗೆ ಮೊದಲು ಹತ್ತಿರವಾದವಳು. ಅವಳು ಕೆಳಗೆ ನೋಡಿದಳು.

"ವೈನಿ, ಬಿಗಿ ಆಗ್ಲತ್ತಾವೇನು? ಸಣ್ಣಾಗ್ಯಾವಲ್ಲ?"

ಹಿಂದೆ ಅವ್ವ, ನನ್ನ ಆಗುವ ಅತ್ತೆಯ ಜೊತೆ ನಡೆಯುತ್ತಿದ್ದಳು. ಇಬ್ಬರೂ ಮಾತು ನಿಲ್ಲಿಸಿದರು. ನಾನು ಆಗ ಹೇಳಬಹುದಿತ್ತು. ಕೇಳಿದವಳು ಒಳ್ಳೆಯ ಮನಸ್ಸಿನಿಂದ ಕೇಳಿದ್ದಳು. ಆಚೆಈಚೆ ಹೊರಗಿನ ಜನರಿರಲಿಲ್ಲ.

"ಇಲ್ಲ, ಹೊಸವು ಅವಲ್ಲಾ," ಎಂದೆ. "ಸಡ್ಲ ಆಗ್ತಾವ."

"ನಂಬರ್ ಬರೋಬರ್ ಅದ ಅಂದ್ರ ಚಿಂತಿಲ್ಲ," ಎಂದರು ಅತ್ತೆ ಹಿಂದಿನಿಂದ. "ಲಗ್ನಕ್ಕೂ ಇದೇ ನಂಬರ್ ತರೂಣು."

ಆ ಮಾತಿನ ಹಿಂದೆ ಇಡೀ ಮದುವೆ ಇತ್ತು. ಮದುವೆಗೆ ಬಟ್ಟೆಬರೆ, ಚಪ್ಪಲಿ ಎಲ್ಲವನ್ನೂ ಎರಡೂ ಕಡೆಯವರು ಕೂಡಿ ಕೂತು ಕೊಳ್ಳುತ್ತಾರೆ. ಅದಕ್ಕೆ ಬಸ್ತಾ ಎಂದು ಹೆಸರು. ಉದಗೀರದಲ್ಲಿ ಎಂದು ಗೊತ್ತಾಯಿತು. ಮದುಮಗಳು ಬಂದರೂ ನಡೆಯುತ್ತಿತ್ತು, ಆದರೆ ಅಂಗಡಿಯಲ್ಲಿ ಕಾಲು ಚಾಚು ಎಂದಾರೆಂದು ಅವ್ವ ನನಗೆ ನೆಗಡಿ ಎಂದು ಹೇಳಿದಳು. ಅವಳು ಮತ್ತು ಅಪ್ಪ ಹೋಗುವುದಾಯಿತು.

ಹಿಂದಿನ ದಿನ ಸಂಜೆ ಅಂಗಡಿಯಿಂದ ಪತ್ರಿಕೆ ತಂದು, ಅದರ ಮೇಲೆ ನಾನೇ ನಿಂತು, ಬಗ್ಗಿ ಗೆರೆ ಎಳೆದೆ. ಒಬ್ಬಳೇ ಎಳೆಯುವುದು ಕಷ್ಟ; ಹಿಮ್ಮಡಿಯ ಹತ್ತಿರ ಗೆರೆ ಡೊಂಕಾಯಿತು. ಮತ್ತೊಂದು ಹಾಳೆ ತೆಗೆದುಕೊಂಡೆ. ಮುಂದೆ ಬೆರಳಿನಷ್ಟು ಜಾಗ ಬಿಡಲಿಲ್ಲ. ಬೆಳೆಯುವ ವಯಸ್ಸು ಮುಗಿದಿತ್ತು. ಬೆಳಿಗ್ಗೆ ಅಪ್ಪ ಅಂಗಿ ಹಾಕಿಕೊಳ್ಳುವಾಗ ಮಡಚಿದ ಕಾಗದವನ್ನು ಅವನ ಜೇಬಿಗೆ ಇಟ್ಟೆ. ಅವನು ತೆಗೆದು ನೋಡಲಿಲ್ಲ. ಜೇಬಿನ ಮೇಲೆ ಒಮ್ಮೆ ಕೈ ಇಟ್ಟ.

ಸಂಜೆ ಬಂದರು. ಅವ್ವ ಸೀರೆಗಳನ್ನು ಹಾಸಿಗೆಯ ಮೇಲೆ ಹರಡಿದಳು. ಚಪ್ಪಲಿಯ ಡಬ್ಬಿಗಳು ಮೂರು: ಮದುವೆಯ ದಿನಕ್ಕೆ ಒಂದು, ಮನೆಬಳಕೆಗೆ ಒಂದು, ಹೊರಗೆ ಹೋಗಲು ಒಂದು. ಮೂರರ ಬದಿಯಲ್ಲೂ ಏಳು ಎಂದು ಬರೆದಿತ್ತು. ನಾನು ಅಪ್ಪನ ಕಡೆ ನೋಡಿದೆ. ಅವನು ಅವ್ವ ನೀರು ತರಲು ಒಳಗೆ ಹೋಗುವವರೆಗೆ ಕಾದು, ಜೇಬಿನಿಂದ ಕಾಗದ ತೆಗೆದು ನನ್ನ ಕೈಗೆ ಕೊಟ್ಟ. ಬೆವರಿಗೆ ಒದ್ದೆಯಾಗಿ ಮಡಿಕೆಗಳಲ್ಲಿ ಹರಿಯುವಂತಿತ್ತು. ಮಡಿಕೆ ಬಿಚ್ಚಿಯೇ ಇರಲಿಲ್ಲ.

"ಅವರ ಮಂದಿ ಎಂಟು ಜನ ಕುಂತಿದ್ರು," ಎಂದ. "ಡಬ್ಬಿ ತೆಗ್ಯೋದ್ರಾಗೇ ಬೀಗತಿ ಏಳು ಅಂದ್ರು. ಮೂರು ಸಲ ಜೇಬಿಗಿ ಕೈ ಹಾಕಿದೆ ನೋಡು. ತೆಗೀಲಿಕ್ಕ ಆಗ್ಲಿಲ್ಲವ್ವಾ."

ನಾನು ಇರಲಿ ಎಂದೆ. ಅವನು ತನ್ನ ಚೀಲದಿಂದ ನಾಲ್ಕನೆಯ ಡಬ್ಬಿ ತೆಗೆದ. ಗಂಡಸರ ಚಪ್ಪಲಿ, ಕಪ್ಪು, ಮೆತ್ತನೆಯ ಅಡಿ. ಒಂಬತ್ತು.

ಅವ್ವ ನೀರಿನ ತಂಬಿಗೆ ಹಿಡಿದು ಬಂದು, "ಇದ್ಯಾವಾಗ ತಗೊಂಡ್ರಿ?" ಎಂದಳು.

"ನನಗ," ಎಂದ ಅಪ್ಪ. "ನನ್ನವು ಸವದಾವ."

ಅವನವು ಸವೆದಿರಲಿಲ್ಲ. ಡಬ್ಬಿಯನ್ನು ನನ್ನ ಟ್ರಂಕಿನ ಹತ್ತಿರ ಇಟ್ಟು ಅಂಗಡಿಗೆ ಹೋದ. ನಾನು ಸೀರೆಗಳ ಕೆಳಗೆ ಅದನ್ನು ಇಟ್ಟುಕೊಂಡೆ.

ಮದುವೆಯ ದಿನ ಹೇಗೋ ಕಳೆಯಿತು. ಬಹಳ ಹೊತ್ತು ಬರಿಗಾಲಲ್ಲೇ ಇರಬೇಕಾಗಿದ್ದದ್ದು ನನಗೆ ಅನುಕೂಲವಾಯಿತು. ನಿಲಂಗಾದ ಮನೆಗೆ ಬಾಗಿಲು ಒಂದೇ. ಹಿತ್ತಲಿಲ್ಲ. ಎಲ್ಲರ ಚಪ್ಪಲಿಗಳೂ ಮುಂಬಾಗಿಲ ಕಲ್ಲಿನ ಮೇಲೆ. ಎಂಟು ದಿನ ಏಳನೆಯ ನಂಬರಿನಲ್ಲಿ ಮಾಳಿಗೆ ಹತ್ತಿ ಇಳಿದೆ, ನಳದ ನೀರಿಗೆ ಹೋದೆ. ಹಿಮ್ಮಡಿ ಒಡೆದು ರಕ್ತ ಬಂತು. ನನ್ನ ಗಂಡ ರಜೆ ಮುಗಿದು ಪುಣೆಯ ಕೆಲಸಕ್ಕೆ ಹೋಗಿದ್ದರು. ಅವರಿಗೆ ಹೇಳಬೇಕೆಂದುಕೊಂಡಿದ್ದೆ. ಆದರೆ ಏಳು ಎಂದು ಹೇಳಿದವಳು ನನ್ನ ಅವ್ವ, ಸಡಿಲಾಗುತ್ತದೆ ಎಂದು ಹೇಳಿದವಳು ನಾನು. ಇನ್ನೂ ಹೆಸರು ಹಿಡಿದು ಮಾತಾಡಿಸದ ಮನುಷ್ಯನಿಗೆ ಅದನ್ನು ಎಲ್ಲಿಂದ ಆರಂಭಿಸಿ ಹೇಳಲಿ?

ಒಂಬತ್ತನೆಯ ದಿನ ಅತ್ತೆ ಮಲಗಿದ್ದಾಗ ಕಪ್ಪು ಚಪ್ಪಲಿ ತೆಗೆದು ಹಾಕಿಕೊಂಡು ನಳಕ್ಕೆ ಹೋಗಿ ಬಂದೆ. ಎರಡು ಕೊಡ, ನಾಲ್ಕು ಸಲ. ಕಾಲುಗಳು ತಮ್ಮ ಪಾಡಿಗೆ ನಡೆದವು. ಕೊನೆಯ ಸಲ ಕೊಡ ಇಳಿಸಲು ಒಳಗೆ ಹೋದವಳು ಚಪ್ಪಲಿಯನ್ನು ಕಲ್ಲಿನ ಮೇಲೇ ಬಿಟ್ಟಿದ್ದೆ. ಮರೆತೆನೋ, ಬೇಕೆಂದೇ ಬಿಟ್ಟೆನೋ, ಈಗ ಸರಿಯಾಗಿ ಹೇಳಲಾರೆ.

ಅತ್ತೆ ಎದ್ದು ಬಾಗಿಲಿಗೆ ಬಂದರು. ಸೆರಗು ಸರಿಪಡಿಸಿಕೊಂಡು ಒಳಗೆ ತಿರುಗಿದರು.

"ಯಾರ ಬಂದಾರವ್ವಾ?"

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. "ಅಪ್ಪನವು," ಎಂದೆ.

"ಬೀಗ್ರು ಬಂದಾರ? ಯಾವಾಗ? ಚಾ ಇಟ್ಟೀಯಿಲ್ಲೋ?"

"ಇಲ್ಲತ್ತಿ. ನನ್ನ ಕಳಿಸ್ಲಿಕ್ಕ ಬಂದಾಗ ಬಿಟ್ಟು ಹೋಗ್ಯಾರ. ಒಳಗ ಎತ್ತಿಟ್ಟಿದ್ದೆ, ಈಗ ಹೊರಗ ತಂದೆ."

ಅವರು ಚಪ್ಪಲಿ ನೋಡಿದರು, ನನ್ನನ್ನು ನೋಡಿದರು. "ಮತ್ತ ಬರಿಗಾಲಲೆ ಹೋದ್ರೇನು, ಈ ಬಿಸಲಾಗ?"

ಅವರು ಉತ್ತರಕ್ಕೆ ಕಾಯಲಿಲ್ಲ. "ಪಾಪ, ನಮ್ಮ ಗದ್ದಲದಾಗ ಯಾರೂ ಲಕ್ಷ್ಯ ಕೊಡ್ಲಿಲ್ಲ ನೋಡು," ಎಂದು ತಾವೇ ನೊಂದುಕೊಂಡರು. ಅಂಗಡಿಯಿಂದ ಪತ್ರಿಕೆ ತರಿಸಿ, ಚಪ್ಪಲಿಯ ಧೂಳನ್ನು ತಮ್ಮ ಕೈಯಿಂದ ಒರೆಸಿ, ಸುತ್ತಿ ದಾರ ಕಟ್ಟಿದರು. ಜೊತೆಗೆ ಒಂದು ಡಬ್ಬಿ ಶೇಂಗಾದ ಉಂಡೆ. ಮಾವನವರ ಪರಿಚಯದ ಒಬ್ಬರು ಆ ಸಂಜೆ ಉಮರ್ಗಾದ ಬಸ್ಸಿಗೆ ಹೋಗುವವರಿದ್ದರು. ಗಂಟನ್ನು ಅವರ ಕೈಗೆ ಕೊಡುವಾಗ ಬಾಗಿಲಲ್ಲಿ ನಾನೂ ಇದ್ದೆ, ಕೆಂಪು ಚಪ್ಪಲಿಯಲ್ಲಿ.

ಮರುದಿನ ಬೆಳಿಗ್ಗೆ ಅಪ್ಪನ ಫೋನ್ ಬಂತು. ಅತ್ತೆ ಮಾತಾಡಿ, ಗಮನಿಸದಿದ್ದಕ್ಕೆ ಕ್ಷಮೆ ಕೇಳಿ, ನನ್ನ ಕೈಗೆ ಕೊಟ್ಟು ಪಕ್ಕದಲ್ಲೇ ಕುಳಿತರು.

"ಮುಟ್ಯಾವವ್ವಾ," ಎಂದ ಅಪ್ಪ.

"ಹೂಂ."

ಅಂಗಡಿಯಲ್ಲಿ ಯಾರೋ ಸಕ್ಕರೆ ಕೇಳುತ್ತಿದ್ದದ್ದು ಕೇಳಿಸಿತು.

"ಕಾಲು ಹ್ಯಾಂಗ ಅವ?" ಎಂದ ಅಪ್ಪ.

ಅತ್ತೆ ನನ್ನ ಮುಖ ನೋಡಿ ನಗುತ್ತಿದ್ದರು. "ಆರಾಮ್ ಅವ," ಎಂದೆ.